ದಾಳದ ಲೆಕ್ಕವೂ ಹೊಸಬನ ಪಣವೂ

ನರಸಾಪುರ, ವೇಮಗಲ್ಲು, ಮಾಲೂರುಗಳ ಕಾರ್ಖಾನೆಗಳಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ತರುಣರಲ್ಲಿಯೂ, ಟೊಮ್ಯಾಟೊ ಬೆಲೆ ಏರಿದ ವರ್ಷ ಕೋಲಾರದ ಮಂಡಿಯಿಂದ ನಾಲ್ಕು ಕಾಸು ಹೆಚ್ಚಾಗಿಯೇ ತಂದ ಮುಳಬಾಗಿಲು, ಶ್ರೀನಿವಾಸಪುರಗಳ ರೈತಮಕ್ಕಳಲ್ಲಿಯೂ, ರಜೆಯ ಎರಡು ಮೂರು ದಿನ ಗೋವೆಗೆ ಹೋಗಿಬರುವವರು ಈಗ ಅಪರೂಪವಲ್ಲ. ಸಮುದ್ರವನ್ನು ನೋಡಲೆಂದು ಹೋದವರ ಕಣ್ಣಿಗೆ ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗುಗಳ ದೀಪಮಾಲೆಯೂ ಬೀಳುವುದು ಸಹಜವಾದದ್ದರಿಂದ, ಅವರು ತಮ್ಮತಮ್ಮಲ್ಲಿ ಕೇಳಿಕೊಳ್ಳುವ ಪ್ರಶ್ನೆಯೊಂದುಂಟು: ಹೊಸಬನಾದವನು ಸ್ವಲ್ಪ ಹಣದಲ್ಲಿ, ಹೆಚ್ಚು ಅಪಾಯಕ್ಕೆ ಸಿಕ್ಕದೆ, ದಾಳದ ಯಂತ್ರದ ಮುಂದೆ ಕುಳಿತು ಆಡುವುದಕ್ಕೆ ಸುಲಭವಾದ ಕ್ರಮವೇನಾದರೂ ಇದೆಯೆ? ಹಿರಿಯರಾದವರು ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸಿಬಿಡಬಹುದು. ಆದರೆ ಗದರಿಕೆಯಿಂದ ಕುತೂಹಲ ಅಡಗುವುದಿಲ್ಲ, ಮರೆಗೆ ಸರಿಯುತ್ತದೆ. ಇದು ನೀತಿಯ ಪ್ರಶ್ನೆಯಾಗುವುದಕ್ಕೆ ಮೊದಲು ಗಣಿತದ ಪ್ರಶ್ನೆ. ಗಣಿತದ ಪ್ರಶ್ನೆಯಾದ್ದರಿಂದ ಇದಕ್ಕೆ ನಿಷ್ಕೃಷ್ಟವಾದ ಉತ್ತರವುಂಟು. ಆ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಂಡವನಿಗೆ ಯಾರೂ ಗದರಿಸಬೇಕಾಗುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ದಾಳದ ಜೂಜು ನಮ್ಮ ಸೀಮೆಗೆ ಹೊಸದೇನಲ್ಲ. ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವೆಡೆಯಲ್ಲಿ, ಕಿರೀಟ, ಬಾವುಟ, ಆಟೀನು, ಇಸ್ಪೀಟು, ಡೈಮಂಡು, ಕಳಾವರು ಎಂಬ ಆರು ಚಿತ್ರಗಳನ್ನು ಬರೆದ ಬಟ್ಟೆಯನ್ನು ನೆಲಕ್ಕೆ ಹಾಸಿ, ಅವೇ ಚಿತ್ರಗಳಿರುವ ಮೂರು ದಾಳಗಳನ್ನು ಡಬ್ಬದಲ್ಲಿ ಕುಲುಕಿ ಬೋರಲು ಹಾಕುವವನನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಬಾವುಟದ ಮೇಲೆ ಹತ್ತು ರೂಪಾಯಿ ಇಟ್ಟವನಿಗೆ, ಒಂದು ದಾಳದಲ್ಲಿ ಬಾವುಟ ಬಿದ್ದರೆ ಹತ್ತು, ಎರಡರಲ್ಲಿ ಬಿದ್ದರೆ ಇಪ್ಪತ್ತು, ಮೂರರಲ್ಲಿಯೂ ಬಿದ್ದರೆ ಮೂವತ್ತು ರೂಪಾಯಿ ಲಾಭ. ಒಂದರಲ್ಲಿಯೂ ಬೀಳದಿದ್ದರೆ ಇಟ್ಟ ಹತ್ತು ಹೋಯಿತು. ಚಿತ್ರಗಳು ಆರು, ದಾಳಗಳು ಮೂರು, ಆದಕಾರಣ ಗೆಲುವು ಸೋಲುಗಳು ಅರ್ಧಕ್ಕರ್ಧ, ಎರಡು ಮೂರು ಬಾವುಟ ಬಿದ್ದಾಗ ಬರುವುದೆಲ್ಲ ಮೇಲಿನ ಲಾಭ, ಎಂದು ನೋಡುವವನ ಮನಸ್ಸು ಲೆಕ್ಕ ಹಾಕುತ್ತದೆ. ನಿಜವಾದ ಲೆಕ್ಕ ಹಾಗಿಲ್ಲ. ಮೂರು ದಾಳಗಳು ಬೀಳಬಹುದಾದ ಬಗೆಗಳು ಒಟ್ಟು 216. ಅವುಗಳಲ್ಲಿ 125 ಬಗೆಗಳಲ್ಲಿ ಬಾವುಟವೇ ಇಲ್ಲ, 75ರಲ್ಲಿ ಒಂದು, 15ರಲ್ಲಿ ಎರಡು, ಒಂದೇ ಒಂದರಲ್ಲಿ ಮೂರು. ಹತ್ತು ಹತ್ತು ರೂಪಾಯಿಯಂತೆ 216 ಬಗೆಗಳೂ ಒಂದೊಂದು ಸಲ ಬಿದ್ದವೆಂದು ಇಟ್ಟುಕೊಂಡರೆ, ಹೋಗುವುದು 1,250 ರೂಪಾಯಿ, ಬರುವುದು 1,080. ಡಬ್ಬದವನು ಕೈಚಳಕವನ್ನೇನೂ ಮಾಡಬೇಕಾಗಿಲ್ಲ. ದಾಳ ಸಾಚಾ ಆಗಿದ್ದರೂ ಇಟ್ಟ ನೂರಕ್ಕೆ ಸುಮಾರು ಎಂಟು ರೂಪಾಯಿ ಅವನ ಚೀಲಕ್ಕೆ ತಾನಾಗಿ ಇಳಿಯುತ್ತದೆ. ಬಯಲಿನಲ್ಲಿ ಇಂಥ ಆಟ ಆಡಿಸುವವನನ್ನೂ ಆಡುವವರನ್ನೂ ಪೊಲೀಸರು ಹಿಡಿದೊಯ್ಯುವುದು 1963ರ ಕರ್ನಾಟಕ ಪೊಲೀಸು ಅಧಿನಿಯಮದ 87ನೆಯ ಪ್ರಕರಣದ ಮೇಲೆ. ನಮ್ಮ ಕೋಲಾರ ಜಿಲ್ಲೆಯ ಪೊಲೀಸು ವರದಿಗಳಲ್ಲಿ ಅಂದರ್ ಬಾಹರ್ ಎಂಬ ಎಲೆಯಾಟದ ಹೆಸರಿನ ಜೊತೆಯಲ್ಲಿ ಈ ಅಂಕಿಯನ್ನು ಓದಿದವರಿಗೆ ಅದರ ಪರಿಚಯವಿದ್ದೀತು.

ಗೋವೆಯ ದಾಳದ ಯಂತ್ರ ಈ ಬಟ್ಟೆ ಡಬ್ಬಗಳಿಗಿಂತ ಬಹಳ ನಯವಾದದ್ದು. ಅದರಲ್ಲಿ ಆಡುವ ಕ್ರಾಪ್ಸ್ ಎಂಬುದು ಅಮೆರಿಕದಲ್ಲಿ ಬೆಳೆದ ಎರಡು ದಾಳಗಳ ಆಟ. ಉದ್ದವಾದ ಮೇಜಿನ ಸುತ್ತ ಜನ ನಿಂತು, ಒಬ್ಬನು ಕೈಯಾರೆ ದಾಳ ಎಸೆದು, ‘ಮನೆ’ ಎನ್ನಿಸಿಕೊಳ್ಳುವ ಕ್ಯಾಸಿನೊದ ನೌಕರರು ಹಣ ಕೊಡುತ್ತ ತೆಗೆದುಕೊಳ್ಳುತ್ತ ಇರುವುದು ಅದರ ಮೂಲರೂಪ. ವಿದ್ಯುದ್ಯಂತ್ರದಲ್ಲಿಯಾದರೊ, ನಡುವೆ ಇರುವ ಗಾಜಿನ ಗುಮ್ಮಟದೊಳಗೆ ಎರಡು ದೊಡ್ಡ ದಾಳಗಳು ತಳದ ಅದಿರಾಟದಿಂದ ನೆಗೆದು ಉರುಳಿ ನಿಲ್ಲುತ್ತವೆ. ಸುತ್ತಲೂ ಕುಳಿತವರಲ್ಲಿ ಒಬ್ಬೊಬ್ಬನ ಮುಂದೆಯೂ ಒಂದು ಪರದೆ. ಪಣವೊಡ್ಡುವುದು ಬೆರಳ ತುದಿಯಿಂದ. ನೌಕರರ ಸಂಬಳದ ಖರ್ಚು ಇಲ್ಲವಾದ್ದರಿಂದ ಪಣದ ಕನಿಷ್ಠ ಮೊತ್ತವನ್ನು ಕಡಮೆ ಇಡಲು ಸಾಧ್ಯ. ಸುತ್ತಲಿನವರ ಕಣ್ಣಿಗೆ ಹೆದರಬೇಕಾಗಿಲ್ಲವಾದ್ದರಿಂದ ಹೊಸಬನಿಗೆ ಸಂಕೋಚವೂ ಇಲ್ಲ. ಇಂಥ ಯಂತ್ರಗಳಿಗೆ ಗೋವೆಯಲ್ಲಿ ಕಾನೂನಿನ ಕಾರಣವೂ ಒಂದುಂಟು. ಅಲ್ಲಿಯ 1976ರ ಸಾರ್ವಜನಿಕ ಜೂಜು ಅಧಿನಿಯಮಕ್ಕೆ ಅನಂತರ ಸೇರಿದ ತಿದ್ದುಪಡಿಗಳ ಪ್ರಕಾರ, ನೆಲದ ಮೇಲಿನ ಪಂಚತಾರಾ ಹೋಟೆಲುಗಳಲ್ಲಿ ವಿದ್ಯುದ್ಯಂತ್ರದ ಆಟಗಳಿಗೆ ಮಾತ್ರ ಅನುಮತಿ. ಮನುಷ್ಯರು ಆಡಿಸುವ ಮೇಜಿನ ಆಟಗಳು ನೀರಿನ ಮೇಲಿನ ಹಡಗುಗಳಿಗೆ ಮೀಸಲು. ಅದೇ ಗೋವೆಯ ಸರ್ಕಾರ 2020ರ ಫೆಬ್ರುವರಿಯಿಂದ ತನ್ನ ರಾಜ್ಯದವರಿಗೆ ಕ್ಯಾಸಿನೊ ಪ್ರವೇಶವನ್ನು ನಿಷೇಧಿಸಿದೆ. ತನ್ನ ಮಕ್ಕಳು ಒಳಗೆ ಹೋಗಬಾರದೆಂದು ಒಂದು ರಾಜ್ಯವೇ ಬಾಗಿಲಲ್ಲಿ ತಡೆದ ಮೇಲೆ, ಒಳಗೆ ಯಾರ ಹಣ ಸುರಿಯುತ್ತದೆಂಬುದನ್ನು ನೆರೆರಾಜ್ಯದವರಾದ ನಾವು ಯೋಚಿಸಬೇಕಾದದ್ದು ನ್ಯಾಯ.

ಇನ್ನು ಲೆಕ್ಕ. ಎರಡು ದಾಳಗಳು ಬೀಳಬಹುದಾದ ಬಗೆಗಳು 36. ಮೊತ್ತ ಎರಡು ಬರುವುದು ಒಂದೇ ಬಗೆಯಲ್ಲಿ, ಮೂರು ಎರಡು ಬಗೆಗಳಲ್ಲಿ, ಹೀಗೆ ಏರುತ್ತ ಹೋಗಿ ಏಳು ಆರು ಬಗೆಗಳಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಇಳಿಯುತ್ತ ಹೋಗಿ ಹನ್ನೆರಡು ಮತ್ತೆ ಒಂದೇ ಬಗೆ. ಈ ಆಟದ ಮುಖ್ಯ ಪಣಕ್ಕೆ ಪಾಸ್ ಲೈನ್ ಎಂದು ಹೆಸರು. ಮೊದಲನೆಯ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಿದ್ದರೆ ಅದರ ಮೇಲೆ ಹಣವಿಟ್ಟವನು ಗೆದ್ದ. ಎರಡು, ಮೂರು, ಹನ್ನೆರಡು ಬಿದ್ದರೆ ಸೋತ. ಉಳಿದ ನಾಲ್ಕು, ಐದು, ಆರು, ಎಂಟು, ಒಂಬತ್ತು, ಹತ್ತರಲ್ಲಿ ಯಾವುದು ಬಿದ್ದರೂ ಅದು ಗುರಿಯ ಅಂಕಿಯಾಗಿ ನಿಂತು, ಆ ಅಂಕಿಯೋ ಏಳೋ ಎರಡರಲ್ಲೊಂದು ಬೀಳುವವರೆಗೂ ದಾಳ ಉರುಳುತ್ತಲೇ ಇರುತ್ತದೆ. ಗುರಿ ಮೊದಲು ಬಂದರೆ ಗೆಲುವು, ಏಳು ಮೊದಲು ಬಂದರೆ ಸೋಲು. ಮೊದಲ ಎಸೆತದಲ್ಲಿ ಮಿತ್ರನಾಗಿದ್ದ ಏಳು ಎರಡನೆಯ ಎಸೆತದಿಂದ ಶತ್ರುವಾಗುತ್ತದೆ. ಆ ಶತ್ರುವಿಗೆ ಆರು ದಾರಿಗಳಿದ್ದರೆ, ಉಳಿದ ಯಾವ ಅಂಕಿಗೂ ಐದಕ್ಕಿಂತ ಹೆಚ್ಚು ದಾರಿಗಳಿಲ್ಲ. ಇವೆಲ್ಲವನ್ನೂ ಕೂಡಿಸಿ ಗುಣಿಸಿ ನೋಡಿದರೆ ಬರುವ ಫಲ ಇದು: 495 ಆಟಗಳಲ್ಲಿ ಸರಾಸರಿ 244 ಗೆಲುವು, 251 ಸೋಲು. ವ್ಯತ್ಯಾಸ ಏಳೇ ಆಟ. ಇಟ್ಟ ನೂರಕ್ಕೆ ಮನೆಯ ಪಾಲು 1.41 ರೂಪಾಯಿ. ಜಾತ್ರೆಯ ಡಬ್ಬದವನ ಎಂಟು ರೂಪಾಯಿಯೊಡನೆ ಇದನ್ನು ಹೋಲಿಸಿದರೆ, ಹೊಸಬರಿಗೆ ಈ ಪಣವನ್ನು ಏಕೆ ಬೋಧಿಸುತ್ತಾರೆಂಬುದು ತಿಳಿಯುತ್ತದೆ.

ಹೀಗೆ ಬೋಧಿಸುವ ಕ್ರಮ ಬಹಳ ಸರಳವಾದದ್ದು. ಯಂತ್ರ ಒಪ್ಪುವ ಕನಿಷ್ಠ ಮೊತ್ತವನ್ನು ಪಾಸ್ ಲೈನಿನ ಮೇಲೆ ಇಡುವುದು. ಗುರಿಯ ಅಂಕಿ ನಿಂತ ಮೇಲೆ, ಕೈಯಲ್ಲಿ ಶಕ್ತಿಯಿದ್ದರೆ, ಅದರ ಬೆನ್ನಿಗೆ ಆಡ್ಸ್ ಎಂಬ ಎರಡನೆಯ ಪಣವನ್ನು ಸೇರಿಸುವುದು. ಪರದೆಯ ನಡುವೆ ಹೊಳೆಯುವ ಉಳಿದ ಪಣಗಳ ಕಡೆಗೆ ಕೈಹಾಕದಿರುವುದು. ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿದ ಮೊತ್ತ ಮುಗಿದೊಡನೆ ಎದ್ದುಬರುವುದು. ಆಡ್ಸ್ ಎಂಬ ಪಣದ ವಿಶೇಷವೇನೆಂದರೆ, ಅದರಲ್ಲಿ ಮನೆಗೆ ಪಾಲೇ ಇಲ್ಲ. ಗುರಿ ನಾಲ್ಕೋ ಹತ್ತೋ ಆದರೆ ಒಂದಕ್ಕೆ ಎರಡು; ಐದೋ ಒಂಬತ್ತೋ ಆದರೆ ಎರಡಕ್ಕೆ ಮೂರು; ಆರೋ ಎಂಟೋ ಆದರೆ ಐದಕ್ಕೆ ಆರು; ಹೀಗೆ ಅಪಾಯಕ್ಕೆ ಸರಿಸಮನಾದ ಪ್ರತಿಫಲವೇ ಬರುತ್ತದೆ. ಇದನ್ನು ಕೇಳಿ ಹಿಗ್ಗುವವರು ಒಂದು ವಿವೇಚನೆಯನ್ನು ಮರೆಯಬಾರದು. ನಿಧಾನವಾಗಿ ಖಚಿತವಾಗಿ ಸೋರಿಹೋಗುವ ಹಣ ಒಂದು ಬಗೆಯ ಅಪಾಯ. ಒಂದೇ ಸಂಜೆಯಲ್ಲಿ ಏರಿಳಿದು ಕೈ ಬರಿದಾಗುವುದು ಇನ್ನೊಂದು ಬಗೆ. ಆಡ್ಸ್ ಮೊದಲನೆಯದನ್ನು ಹೆಚ್ಚಿಸುವುದಿಲ್ಲ, ಆದರೆ ಮೇಜಿನ ಮೇಲಿರುವ ಒಟ್ಟು ಹಣ ಬೆಳೆಯುವುದರಿಂದ ಎರಡನೆಯದನ್ನು ಹೆಚ್ಚಿಸಿಯೇ ತೀರುತ್ತದೆ. ಚಿಕ್ಕ ಗಂಟಿನವನಿಗೆ ಅದು ಹಿತವಲ್ಲ.

ನಡುವೆ ಹೊಳೆಯುವ ಪಣಗಳೆಂದೆನಲ್ಲ, ಅವುಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡಬೇಕು. ಮುಂದಿನ ಎಸೆತದಲ್ಲಿ ಏಳು ಬೀಳುತ್ತದೆಂದು ಪಣವೊಡ್ಡಿ ಗೆದ್ದರೆ ಒಂದಕ್ಕೆ ನಾಲ್ಕರಂತೆ ಲಾಭ ಕೊಡುತ್ತಾರೆ. ಆದರೆ ಏಳು ಬೀಳುವುದು 36ರಲ್ಲಿ ಆರು ಸಲ, ಅಂದರೆ ಆರಕ್ಕೊಂದು ಸಲ. ನ್ಯಾಯವಾಗಿ ಕೊಡಬೇಕಾದದ್ದು ಒಂದಕ್ಕೆ ಐದು. ಆ ಒಂದರ ಕೊರತೆಯಿಂದ ಇಟ್ಟ ನೂರಕ್ಕೆ 16.67 ರೂಪಾಯಿ ಮನೆಗೆ ಸಲ್ಲುತ್ತದೆ. ಈಗ ಯಂತ್ರ ಗಂಟೆಗೆ ನೂರು ಸಲ ದಾಳ ಉರುಳಿಸುತ್ತದೆಂದು ಭಾವಿಸೋಣ. ಪಾಸ್ ಲೈನಿನ ಒಂದು ಆಟ ಮುಗಿಯಲು ಸರಾಸರಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಎಸೆತಗಳು ಬೇಕು. ಆದ್ದರಿಂದ ನೂರು ರೂಪಾಯಿಯ ಪಣದಲ್ಲಿ ಗಂಟೆಗೆ ಸುಮಾರು ಮೂವತ್ತು ಆಟ, ಸರಾಸರಿ ನಷ್ಟ 42 ರೂಪಾಯಿ. ಅದೇ ನೂರು ರೂಪಾಯಿಯನ್ನು ಎಸೆತಕ್ಕೊಮ್ಮೆ ಏಳರ ಮೇಲೆ ಇಡುವವನ ಸರಾಸರಿ ನಷ್ಟ ಗಂಟೆಗೆ 1,667 ರೂಪಾಯಿ. ಕುರ್ಚಿ ಒಂದೇ, ದಾಳ ಒಂದೇ, ಒತ್ತಿದ ಗುಂಡಿ ಬೇರೆ. ಹೊಸಬನ ಕ್ರಮವೆಂಬುದರಲ್ಲಿ ಸತ್ಯಾಂಶವಿರುವುದು ಇಷ್ಟೇ, ಆದರೆ ಇಷ್ಟು ಸತ್ಯಾಂಶ ಇದ್ದೇ ಇದೆ.

ಸೋತಾಗಲೆಲ್ಲ ಪಣವನ್ನು ಇಮ್ಮಡಿಸುತ್ತ ಹೋದರೆ ಒಂದಲ್ಲ ಒಂದು ಗೆಲುವು ಹಿಂದಿನ ಸೋಲುಗಳನ್ನೆಲ್ಲ ತೊಳೆದುಬಿಡುತ್ತದೆಂಬ ಉಪದೇಶವನ್ನು ಕೂಡ ತಿಳಿದವರೆನಿಸಿಕೊಂಡವರು ಹೊಸಬರ ಕಿವಿಯಲ್ಲಿ ಊದುವುದುಂಟು. ಇದು ಬಹಳ ಮನೆಗಳನ್ನು ಹಾಳುಮಾಡಿದ ಉಪದೇಶವಾದ್ದರಿಂದ ಇದರ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ನೂರರಿಂದ ಆರಂಭಿಸಿ ಏಳು ಸಲ ಸತತವಾಗಿ ಸೋತವನು ಕಳೆದುಕೊಂಡಿರುವುದು 12,700 ರೂಪಾಯಿ. ಎಂಟನೆಯ ಸಲಕ್ಕೆ ಅವನು ಹೊಂದಿಸಬೇಕಾದದ್ದು 12,800. ಪಾಸ್ ಲೈನಿನಲ್ಲಿ ಹೀಗೆ ಏಳು ಸೋಲುಗಳು ಸಾಲಾಗಿ ಬರುವ ಸಂಭವ ಸುಮಾರು 116ಕ್ಕೆ ಒಂದು. 115 ಸಲ ನೂರು ನೂರು ರೂಪಾಯಿ ಬಂದು 11,500 ಆಯಿತು. ಒಂದೇ ಸಲ 12,700 ಹೋಯಿತು. ಕೊನೆಗೂ ಹೋದದ್ದೇ ಹೆಚ್ಚು. ಪಣವನ್ನು ಹೇಗೆ ಏರಿಸಿ ಇಳಿಸಿದರೂ ಮನೆಯ ಶೇಕಡ 1.41ನ್ನು ಕದಲಿಸುವುದಕ್ಕಾಗುವುದಿಲ್ಲ, ಸೋಲನ್ನು ಬಹುದಿನಗಳ ಮೇಲೆ ತೆಳುವಾಗಿ ಹರಡುವುದೋ, ಒಂದು ದಿನಕ್ಕೆ ಒಟ್ಟುಗೂಡಿಸಿಡುವುದೋ, ಇಷ್ಟು ಮಾತ್ರ ಆಡುವವನ ಕೈಯಲ್ಲಿದೆ.

ದಾಳಕ್ಕೂ ಎಣಿಕೆಗೂ ಇರುವ ನಂಟು ಯುರೋಪಿನಲ್ಲಿ 1654ರ ಸುಮಾರಿಗೆ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದ ಶಾಸ್ತ್ರರೂಪಕ್ಕೆ ಬಂದಿತೆಂಬುದು ಗಣಿತದ ಇತಿಹಾಸಕಾರರ ಮಾತು. ಆದರೆ ಆ ನಂಟಿನ ಅರಿವು ನಮ್ಮಲ್ಲಿ ಎಷ್ಟು ಹಿಂದಿನದೆಂಬುದಕ್ಕೆ ಮಹಾಭಾರತದ ವನಪರ್ವದಲ್ಲಿರುವ ನಳೋಪಾಖ್ಯಾನವೇ ಸಾಕ್ಷಿ. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡು ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು ಋತುಪರ್ಣನ ರಥವನ್ನು ಓಡಿಸುತ್ತಿದ್ದಾಗ, ದಾರಿಯ ತಾರೆಯ ಮರವೊಂದನ್ನು ನೋಡಿ ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂದು ಋತುಪರ್ಣನು ಹೇಳಿಬಿಡುತ್ತಾನೆ. ನಂಬದ ನಳನು ರಥವನ್ನು ನಿಲ್ಲಿಸಿ, ಇಳಿದು, ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುತ್ತದೆ. ಆಗ ನಳನು ತನ್ನ ಅಶ್ವಹೃದಯಕ್ಕೆ ಬದಲಾಗಿ ಅವನಿಂದ ಅಕ್ಷಹೃದಯವನ್ನು ಪಡೆಯುತ್ತಾನೆ. ತಾರೆಯ ಕಾಯಿಯೇ ವೇದಕಾಲದ ದಾಳವೆಂಬುದನ್ನು ನೆನೆದರೆ ಆ ಮರದ ಆಯ್ಕೆ ಎಷ್ಟು ಸಾರ್ಥಕವೆಂಬುದು ಹೊಳೆಯುತ್ತದೆ. ಅಂದಿನ ಆಟದಲ್ಲಿ ಕಾಯಿಗಳ ರಾಶಿಯನ್ನು ಕಣ್ಣಿನಿಂದಲೇ ಅಳೆದು ಎಣಿಸುವ ಕೌಶಲಕ್ಕೆ ಎಡೆಯಿತ್ತೆಂದು ವಿದ್ವಾಂಸರು ಊಹಿಸಿದ್ದಾರೆ. ಹಾಗಿದ್ದರೆ ನಳನು ಕಲಿತ ವಿದ್ಯೆ ಅವನಿಗೆ ಕಳೆದ ರಾಜ್ಯವನ್ನು ತಂದುಕೊಟ್ಟದ್ದು ಯುಕ್ತವೇ. ಗಾಜಿನ ಗುಮ್ಮಟದ ದಾಳಕ್ಕೆ ಅಂಥ ಯಾವ ಕೌಶಲವೂ ಸಲ್ಲದು. ಅಲ್ಲಿ ಅಕ್ಷಹೃದಯವನ್ನು ಬಲ್ಲವನಿಗೂ ಅರಿಯದವನಿಗೂ ದಾಳ ಒಂದೇ ರೀತಿಯಲ್ಲಿ ಬೀಳುತ್ತದೆ; ಬಲ್ಲವನಿಗಿರುವ ಹೆಚ್ಚಳವೆಂದರೆ, ತಾನು ಎಷ್ಟು ತೆರುತ್ತಿದ್ದೇನೆಂಬುದು ಮುಂಚಿತವಾಗಿ ತಿಳಿದಿರುವುದು.

ಆದರೆ ಆ ತೆರುವ ಮೊತ್ತದ ಲೆಕ್ಕ ಇನ್ನೂ ಮುಗಿದಿಲ್ಲ. ಹೊರದೇಶದ ಪುಸ್ತಕಗಳನ್ನು ಓದಿ ಶೇಕಡ 1.41ನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಆಟ ಗೊತ್ತಾದ ಒಂದು ಸ್ಥಳದಲ್ಲಿಯೇ ನಡೆಯಬೇಕು, ದಾಳಗಳನ್ನು ಅವನೇ ಬಾಡಿಗೆಗೆ ಕೊಡಬೇಕು, ಬೇರೆ ದಾಳ ತಂದವನಿಗೆ ದಂಡ, ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜನಿಗೆ. ನಮ್ಮ ಕಾಲದ ರಾಜಭಾಗದ ಪರಿಮಾಣ ಬೇರೆ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಬಿಲ್ಲೆಗಳನ್ನು ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ ಶೇಕಡ 28ರಂತೆ ಜಿ.ಎಸ್.ಟಿ. ಬಂದಿತು, 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 40 ಆಯಿತು. ಗೆದ್ದದ್ದರ ಮೇಲೆ ಶೇಕಡ 30ರ ಆದಾಯತೆರಿಗೆ ಬೇರೆ. 10,000 ರೂಪಾಯಿಯ ಬಿಲ್ಲೆಗೆ 4,000 ರೂಪಾಯಿ ತೆರಿಗೆಯೆಂದು ಇಟ್ಟುಕೊಳ್ಳಿ. ಅದನ್ನು ಮನೆಯವರು ಎದುರಿಗೇ ವಸೂಲು ಮಾಡಲಿ, ಪ್ರವೇಶಶುಲ್ಕದೊಳಗೆ ಅಡಗಿಸಲಿ, ಕೊನೆಗೆ ಹೊರುವವನು ಆಡುವವನೇ. ಪಾಸ್ ಲೈನಿನಲ್ಲಿ ನೂರು ನೂರು ರೂಪಾಯಿ ಇಡುತ್ತ ದಾಳದ ಮೂಲಕ ಆ 4,000 ರೂಪಾಯಿಯನ್ನು ಸೋಲಬೇಕಾದರೆ ಸರಾಸರಿ 2,800 ಆಟಗಳಿಗಿಂತ ಹೆಚ್ಚು ಬೇಕು. ಗಂಟೆಗೆ ಮೂವತ್ತು ಆಟದಂತೆ ನಾಲ್ಕು ಹಗಲು ನಾಲ್ಕು ರಾತ್ರಿ ನಿದ್ರೆಯಿಲ್ಲದೆ ಕೂರಬೇಕು. ಆ ನಾಲ್ಕು ದಿನಗಳ ಸೋಲನ್ನು, ಮೊದಲ ದಾಳ ನೆಗೆಯುವುದಕ್ಕೆ ಮುಂಚೆಯೇ, ಬಾಗಿಲಲ್ಲಿಯೇ ಅವನು ಸೋತಿರುತ್ತಾನೆ. ಲಾಸ್ ವೇಗಸ್ಸಿನಲ್ಲಿ ಅರ್ಥವುಳ್ಳದ್ದಾದ ಮಿತಾಪಾಯದ ಕ್ರಮ ನಮ್ಮ ದೇಶದ ಕ್ಯಾಸಿನೊದ ಹೊಸ್ತಿಲನ್ನು ದಾಟುವಷ್ಟರಲ್ಲಿ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ. ನಾನು ಹೇಳಬೇಕೆಂದಿದ್ದ ಮುಖ್ಯವಾದ ಮಾತು ಇದು.

ಗೋವೆಯವರೆಗೆ ಹೋಗುವುದೇಕೆ, ಕೈಯಲ್ಲಿರುವ ಫೋನಿನಲ್ಲಿಯೇ ದಾಳ ಉರುಳುತ್ತದಲ್ಲ ಎಂದು ಕೇಳುವವರಿದ್ದಾರೆ. ಮೂರು ರಾಜ್ಯಗಳು ಸೇರುವೆಡೆಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಈ ವಿಷಯದ ಕಾನೂನು ಬಹುಕಾಲ ವಿಚಿತ್ರವಾದ ಸ್ಥಿತಿಯಲ್ಲಿತ್ತು. ಮುಳಬಾಗಿಲಿನಿಂದ ನಂಗಲಿಯನ್ನು ದಾಟಿದರೆ ಆಂಧ್ರಪ್ರದೇಶ. ಅಲ್ಲಿ 2020ರಲ್ಲಿಯೇ ಆನ್‌ಲೈನ್ ಜೂಜು ನಿಷಿದ್ಧವಾಯಿತು. ಮಾಲೂರಿನಿಂದ ಹೊಸೂರಿನ ಕಡೆಗೆ ಹೋದರೆ ತಮಿಳುನಾಡು. ಅಲ್ಲಿ 2022ರ ಶಾಸನ. ಕರ್ನಾಟಕವೂ 2021ರಲ್ಲಿ ಪೊಲೀಸು ಅಧಿನಿಯಮವನ್ನು ತಿದ್ದಿ ನಿಷೇಧ ತಂದಿತು, ಆದರೆ 2022ರ ಫೆಬ್ರುವರಿ 14ರಂದು ನಮ್ಮ ಉಚ್ಚನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಆಟಗಳ ಶಾಸನ ಹಣವಿಟ್ಟು ಆಡುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ, ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಇಷ್ಟಾದ ಮೇಲೂ ಫೋನಿನಲ್ಲಿ ದಾಳದ ಆಟ ಸಿಕ್ಕಿತೆಂದರೆ, ಅದು ಕಾನೂನಿನ ಕೈಗೆ ಸಿಕ್ಕದ ಹೊರದೇಶದ ಯಾರದೋ ಆಟ. ಅಲ್ಲಿ ಉರುಳುವುದು ದಾಳವಲ್ಲ, ದಾಳದ ಚಿತ್ರ. ಮೇಲೆ ಹೇಳಿದ 36 ಬಗೆಗಳ ನ್ಯಾಯಕ್ಕೆ ಅದು ಕಟ್ಟುಬಿದ್ದಿದೆಯೆಂದು ಹೇಳುವ ಪರೀಕ್ಷಕನೂ ಇಲ್ಲ, ಗೆದ್ದ ಹಣ ಬರದಿದ್ದರೆ ದೂರು ಕೇಳುವ ಕಚೇರಿಯೂ ಇಲ್ಲ. ಜೂಜಿನ ಒಪ್ಪಂದವನ್ನು 1872ರ ಕರಾರು ಶಾಸನದ 30ನೆಯ ಪ್ರಕರಣ ಅಸಿಂಧುವೆಂದೇ ಸಾರಿರುವುದರಿಂದ ನ್ಯಾಯಾಲಯದ ಮೆಟ್ಟಿಲೇರಿಯೂ ಫಲವಿಲ್ಲ. ಆದರೆ ಆಡುವುದಕ್ಕೆಂದು ತಂದ ಸಾಲ ಮಾತ್ರ ಸಾಲವಾಗಿಯೇ ಉಳಿಯುತ್ತದೆ.

ನಮ್ಮ ಸೀಮೆಯವರ ವಿಷಯದಲ್ಲಿ ನನ್ನ ಮನಸ್ಸು ಇಷ್ಟು ನೋಯುವುದಕ್ಕೆ ಕಾರಣವುಂಟು. ನದಿಯ ನೀರಿಲ್ಲದ, ಕೆರೆಗಳೂ ಕೊಳವೆ ಬಾವಿಗಳೂ ಕಾಪಾಡಬೇಕಾದ ಈ ನೆಲದಲ್ಲಿ ರೈತನು ಹೊರುವ ಅನಿಶ್ಚಯವೇ ಬೇಕಾದಷ್ಟಿದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ರೂಪಾಯಿಯನ್ನು ದಾಟಿತು; ಕೆಲವೇ ವಾರಗಳಲ್ಲಿ ಕುಸಿಯಿತು. ಶ್ರೀನಿವಾಸಪುರದ ಮಾವಿನ ತೋಪು ಒಂದು ವರ್ಷ ಜಗ್ಗುವಂತೆ ಫಲ ಕೊಟ್ಟು ಮರುವರ್ಷ ಮುನಿಯುತ್ತದೆ. ಇದನ್ನು ಕಂಡು ಬೇಸಾಯವೂ ಜೂಜೇ ಅಲ್ಲವೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಬೆಲೆ ಏರುವುದೂ ಇಳಿಯುವುದೂ ಉಂಟು, ಆದರೆ ರೈತನು ಸೋಲಲೇಬೇಕೆಂಬ ನಿಶ್ಚಿತವಾದ ಶೇಕಡವೊಂದು ಮಣ್ಣಿನಲ್ಲಿ ಬರೆದಿಲ್ಲ; ಬೀಜದ ಆಯ್ಕೆ, ಹನಿ ನೀರಾವರಿ, ನಾಟಿಯ ಕಾಲ, ಇವುಗಳಿಂದ ಅವನು ತನ್ನ ಅಪಾಯವನ್ನು ನಿಜವಾಗಿ ತಗ್ಗಿಸಿಕೊಳ್ಳಬಲ್ಲ. ಬೆಲೆ ಬಂದ ವರ್ಷದ ಹಣ ಬೆಲೆ ಬರದ ವರ್ಷಗಳಿಗೆ ಆಧಾರವಾಗಬೇಕಾದದ್ದು. ಆ ಹಣ ಶೇಕಡ ನಲವತ್ತರ ಬಾಗಿಲನ್ನು ದಾಟಿ ಒಳಹೋಗುವುದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗದು.

ದಾಳದ ಕುತೂಹಲ ಮಾತ್ರ ಒಳ್ಳೆಯ ಕುತೂಹಲವೇ. ಅದಕ್ಕೆ ಖರ್ಚಿಲ್ಲದ ದಾರಿಯೂ ಉಂಟು. ಎಸ್.ಎಸ್.ಎಲ್.ಸಿ. ಗಣಿತಪುಸ್ತಕದ ಸಂಭವನೀಯತೆಯ ಅಧ್ಯಾಯದಲ್ಲಿ ಎರಡು ದಾಳಗಳ ಲೆಕ್ಕ ಬರುತ್ತದೆ. ಹಾವು ಏಣಿಯ ಪೆಟ್ಟಿಗೆಯಿಂದ ಎರಡು ದಾಳಗಳನ್ನು ತೆಗೆದುಕೊಂಡು, ನಮ್ಮಲ್ಲಿ ಯಾರ ಮನೆಯಲ್ಲಿಯೂ ಸಿಕ್ಕುವ ಹುಣಸೆಬೀಜಗಳನ್ನು ಬಿಲ್ಲೆಗಳಾಗಿ ಹಂಚಿಕೊಂಡು, ಒಬ್ಬನನ್ನು ಮನೆಯವನೆಂದು ನೇಮಿಸಿ, ಪಾಸ್ ಲೈನಿನ ನಿಯಮದಂತೆ ಆಡಿನೋಡಬಹುದು. ಪ್ರತಿ ಎಸೆತದ ಮೊತ್ತವನ್ನು ಎರಡರಿಂದ ಹನ್ನೆರಡರವರೆಗೆ ಎಳೆದ ಹನ್ನೊಂದು ಮನೆಗಳಲ್ಲಿ ಗೆರೆ ಹಾಕಿ ಗುರುತಿಸುತ್ತ ಹೋದರೆ, ಮೊದಲ ಇಪ್ಪತ್ತು ಮೂವತ್ತು ಎಸೆತಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಐದೇ ಸತತವಾಗಿ ಬೀಳಬಹುದು, ಏಳು ಬಾರದೆಯೇ ಇರಬಹುದು, ಅದೃಷ್ಟವೆಂಬುದಿದೆಯೆಂದು ಮಕ್ಕಳಿಗೆ ತೋರಬಹುದು. ಕೆಲವು ನೂರು ಎಸೆತಗಳಾಗುವ ಹೊತ್ತಿಗೆ ಏಳರ ಮನೆಯ ಗೆರೆಗಳು ಉಳಿದೆಲ್ಲವುಗಳಿಗಿಂತ ಎತ್ತರಕ್ಕೆ ಬೆಳೆದಿರುವುದನ್ನು ಅವರೇ ನೋಡುತ್ತಾರೆ. ಏಳರ ಮೇಲೆ ಒಂದಕ್ಕೆ ನಾಲ್ಕರ ಪಣವನ್ನೂ ಜೊತೆಯಲ್ಲಿ ನಡೆಸಿದರೆ, ಮನೆಯವನ ಮುಂದಿನ ಹುಣಸೆಬೀಜದ ರಾಶಿ ಬೆಳೆಯುವುದನ್ನು ಕಾಣಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಉಪಾಧ್ಯಾಯರು ಮನಸ್ಸು ಮಾಡಿದರೆ ಒಂದು ಶನಿವಾರದ ಬೆಳಗಿನ ತರಗತಿಯಲ್ಲಿ ಇದು ಮುಗಿಯುವ ಕೆಲಸ. ದಾಳವೊಂದಕ್ಕೆ ಅಂಗಡಿಯಲ್ಲಿ ಕೆಲವೇ ರೂಪಾಯಿ.